ಕಾಲುಸಂಕ ದಾಟಿದ ದಿನ

ಸಾಗರ ತಾಲ್ಲೂಕಿನ ಒಂದು ಮೂಲೆಯಲ್ಲಿ ನಮ್ಮೂರು. ಎಂಟು ಮನೆ, ಅಡಿಕೆ ತೋಟ, ಸುತ್ತ ಕಾಡು. ಊರಿನ ಸರ್ಕಾರಿ ಶಾಲೆ ಇರುವುದು 7ನೇ ತರಗತಿಯವರೆಗೆ ಮಾತ್ರ. ಮೊಮ್ಮಗಳು ಪುಟ್ಟಿ ಏಳನೆಯದು ಮುಗಿಸಿದ ಏಪ್ರಿಲ್‌ನಲ್ಲಿ ನಮ್ಮ ಜಗುಲಿಯ ಮೇಲೆ ಒಂದೇ ಚರ್ಚೆ: ಹೈಸ್ಕೂಲಿಗೆ ಏನು ಮಾಡುವುದು?

ಹೈಸ್ಕೂಲು ಸಾಗರದಲ್ಲಿ. ಕಾಡುದಾರಿಯಲ್ಲಿ 3 ಕಿಲೋಮೀಟರ್ ನಡೆದು, ಹಳ್ಳ ದಾಟಿ, ಡಾಂಬರು ರಸ್ತೆಯಲ್ಲಿ ಬಸ್ಸು ಹಿಡಿಯಬೇಕು. "ಪೇಟೆಯಲ್ಲಿ ಬಾಡಿಗೆ ಮನೆ ಮಾಡುವ ಅಮ್ಮಾ, ಮೂರು ವರ್ಷದ ಮಾತು" ಎಂದ ಮಗ. ನಾನು ಒಪ್ಪಲಿಲ್ಲ. ತೋಟ ನೋಡುವವರು ಯಾರು? ಗೌರಿಗೆ ಹುಲ್ಲು ಹಾಕುವವರು ಯಾರು? ತುಳಸಿಗೆ ದೀಪ ಇಡುವವರು ಯಾರು? ನಿಜ ಹೇಳಬೇಕೆಂದರೆ, ಮದುವೆಯಾಗಿ ಬಂದ ಮನೆಯನ್ನು ಈ ವಯಸ್ಸಿನಲ್ಲಿ ಬಿಡಲು ನನಗೇ ಮನಸ್ಸಿರಲಿಲ್ಲ.

"ಓದುವವರು ಹೇಗಾದರೂ ಓದುತ್ತಾರೆ. ನಮ್ಮ ಅಣ್ಣ ವಾರಾನ್ನ ಮಾಡಿ ಓದಲಿಲ್ಲವೇ?" ಎಂದೆ. ಮಕ್ಕಳೇ, ವಾರಾನ್ನ ಎಂದರೆ ನಿಮಗೆ ಗೊತ್ತಿರಲಿಕ್ಕಿಲ್ಲ. ಆಗ ಓದಲು ಪೇಟೆಗೆ ಹೋದ ಬಡ ಹುಡುಗರು ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರವಿಡೀ ಏಳು ಮನೆಗಳಲ್ಲಿ ಊಟ ಮಾಡುತ್ತಿದ್ದರು.

ಪುಟ್ಟಿ ಕೇಳಿದಳು: "ಮತ್ತೆ ನೀನು ಯಾಕೆ ಓದಲಿಲ್ಲ ಅಜ್ಜಿ?"

ನನಗೆ ಮಾತು ಹೊರಡಲಿಲ್ಲ. ಹೆಣ್ಣುಮಕ್ಕಳನ್ನು ವಾರಾನ್ನಕ್ಕೆ ಯಾರು ಕಳಿಸುತ್ತಿದ್ದರು? ನನ್ನ ಓದು ಏಳಕ್ಕೇ ನಿಂತಿತ್ತು.

ಆದರೂ ನನ್ನ ಹಟವೇ ಗೆದ್ದಿತು. ಪುಟ್ಟಿ ಮನೆಯಿಂದಲೇ ಹೋಗತೊಡಗಿದಳು. ನಮ್ಮ ಕಡೆ ಶಾಲೆಯೂ ಮಳೆಯೂ ಹೆಚ್ಚುಕಡಿಮೆ ಒಟ್ಟಿಗೇ ಶುರು. ಜುಲೈ ತಿಂಗಳ ಒಂದು ದಿನ ಕಣ್ಣಿನ ಡಾಕ್ಟರಿಗೆ ತೋರಿಸಲು ನಾನೂ ಅವಳ ಜೊತೆ ಹೊರಟೆ.

ಹಳ್ಳ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಮರದ ದಿಮ್ಮಿ ಹಾಸಿದ ಕಾಲುಸಂಕಕ್ಕೂ ನೀರಿಗೂ ಒಂದು ಮೊಳದ ಅಂತರವೂ ಇರಲಿಲ್ಲ. ಬೇಸಿಗೆಯಲ್ಲಿ ಎಷ್ಟೋ ಸಲ ದಾಟಿದ ಸಂಕ ಅದು. ಅಂದು ನಡುವಿಗೆ ಬರುವಷ್ಟರಲ್ಲಿ ನನ್ನ ಮೊಣಕಾಲು ನಡುಗಿತು. ಪುಟ್ಟಿ ಕೈ ಹಿಡಿದು, "ನೀರು ನೋಡಬೇಡ ಅಜ್ಜಿ, ಆಚೆ ದಡ ನೋಡು. ನಾನು ದಿನಾ ಹಾಗೇ ಮಾಡ್ತೇನೆ" ಎಂದಳು.

ದಿನಾ! ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಸಂಜೆ ಬಸ್ಸು ತಡವಾಗಿ, ಕಾಡುದಾರಿಯಲ್ಲಿ ಕತ್ತಲಾಯಿತು. ಮನೆಗೆ ಬಂದು ಅವಳು ಕಾಲಿಗೆ ಹತ್ತಿದ ಉಂಬಳ ಕಿತ್ತು ಹಾಕಿ, ಏನೂ ಆಗಿಲ್ಲವೆಂಬಂತೆ ಪುಸ್ತಕ ಬಿಡಿಸಿದಳು. ಅಕ್ಷರದ ಮೇಲೇ ತೂಕಡಿಸಿದಳು.

ಅಂದು ರಾತ್ರಿ ಮಗನಿಗೆ ಹೇಳಿದೆ, "ಪೇಟೆಯಲ್ಲಿ ಮನೆ ನೋಡು. ನಾನೂ ಬರುತ್ತೇನೆ."

ಗೌರಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿದೆವು. ಅವಳನ್ನು ಬಿಟ್ಟು ಬರುವಾಗ ಅತ್ತೆ. ಮಗ ತೋಟಕ್ಕಾಗಿ ಊರಿನಲ್ಲೇ ಉಳಿದ. ತಾನೇ ಗಂಜಿ ಬೇಯಿಸಿಕೊಳ್ಳುತ್ತಾನೆ, ತುಳಸಿಗೆ ದೀಪವನ್ನೂ ಇಡುತ್ತಾನೆ. ಶನಿವಾರ ಶಾಲೆ ಬಿಟ್ಟ ಮೇಲೆ ನಾವು ಮೂವರೂ ಊರಿಗೆ ಹೋಗುತ್ತೇವೆ. ಮಳೆ ಜೋರಾದ ವಾರ ಹೋಗುವುದಿಲ್ಲ. ಎರಡು ಕಡೆ ಒಲೆ ಉರಿಯುವುದರಿಂದ ಖರ್ಚು ಹೆಚ್ಚು. ಪೇಟೆಯ ಮನೆಗೆ ಅಂಗಳವಿಲ್ಲ. ನನಗೆ ಅದು ಇನ್ನೂ ಒಗ್ಗಿಲ್ಲ.

ನನ್ನ ವಯಸ್ಸಿನವರಿಗೆ ಒಂದೇ ಮಾತು. ಮನೆ ಬಿಡಬೇಕೋ ಬೇಡವೋ ಎಂದು ಜಗುಲಿಯಲ್ಲಿ ಕೂತು ತೀರ್ಮಾನಿಸಬೇಡಿ. ಮಗು ನಡೆಯುವ ದಾರಿಯಲ್ಲಿ ಮೊದಲು ಒಮ್ಮೆ ನಡೆದು ಬನ್ನಿ.

ಪುಟ್ಟಿ ಈಗ ಹತ್ತನೆಯ ತರಗತಿ. ಸಂಜೆ ಅವಳು ಲೆಕ್ಕ ಮಾಡುವಾಗ ನಾನು ಪಕ್ಕದಲ್ಲಿ ಕೂತು ಅವಳ ಕನ್ನಡ ಪುಸ್ತಕ ಓದುತ್ತೇನೆ. ಎಂಟು, ಒಂಬತ್ತರದು ಮುಗಿಯಿತು. ಹತ್ತನೆಯದರಲ್ಲಿ ಅರ್ಧಕ್ಕೆ ಬಂದಿದ್ದೇನೆ.