ಕಸುಬಿನ ಮುಖ

ಉದ್ಯಮಿಗಳ ‘ಬ್ರ್ಯಾಂಡ್ ಕಥೆ’ಯನ್ನು ಚಿತ್ರಗಳಲ್ಲಿ ಹೇಳುವುದು ಇಂದು ನಮ್ಮ ಧರ್ಮಕೇಂದ್ರಗಳ ಕೆಲವು ಯುವಕರಿಗೂ ಜೀವನೋಪಾಯ. ಗೌರವದ ದುಡಿಮೆಯೇ ಸರಿ. ಜರ್ಮನಿಯ ಕಲೋನ್ ನಗರದಲ್ಲಿ ಸ್ಟುಡಿಯೋ ನಡೆಸುತ್ತಿದ್ದ ಆಗಸ್ಟ್ ಸ್ಯಾಂಡರ್ 1928ರಲ್ಲಿ ಕೇಕು ತಯಾರಕನೊಬ್ಬನ ಚಿತ್ರ ತೆಗೆದರು. ಸ್ಥೂಲದೇಹಿ; ಬಿಳಿಯ ನಿಲುವಂಗಿ, ಕೈಯಲ್ಲಿ ದೊಡ್ಡ ಬೋಗುಣಿ, ಹಿಂದೆ ಅಡುಗೆಮನೆ. ನಗುವಿಲ್ಲ, ಅಲಂಕಾರವಿಲ್ಲ, ಆದರೂ ಆ ಕೈಯನ್ನು ನಂಬಬೇಕೆನಿಸುತ್ತದೆ. ಅದೇ ವರ್ಷ, ಹೆಗಲ ಮೇಲೆ ಇಟ್ಟಿಗೆ ಹೊತ್ತ ಕೂಲಿಯಾಳನ್ನೂ ಅವರು ಅಷ್ಟೇ ಘನತೆಯಿಂದ ಸೆರೆಹಿಡಿದರು.

ನಮ್ಮ ಬೇಕರಿಗಳ ಚಿತ್ರಗಳಲ್ಲಿ ಬೆಳಕೆಲ್ಲ ಮಾಲೀಕರ ಮೇಲೆ. ನಸುಕಿನಲ್ಲೆದ್ದು ಹಿಟ್ಟು ನಾದಿದವನು ಚೌಕಟ್ಟಿನಾಚೆ. ಬಡಗಿಯ ಮಗನೆನಿಸಿಕೊಂಡ ಯೇಸುಸ್ವಾಮಿ ಬೆಳೆದದ್ದು ಅಂತಹ ದುಡಿಮೆಗಾರರ ನಡುವೆಯೇ. ಹಣ ತೆರುವವರು ಮಾಲೀಕರು, ನಿಜ. ಆದರೆ “ಒಲೆಯ ಬಳಿಯೂ ಒಂದು ಚಿತ್ರ ತೆಗೆಯಲೇ?” ಎಂದು ಅವರನ್ನು ಕೇಳಲು ಛಾಯಾಗ್ರಾಹಕನಿಗೆ ತಡೆಯೇನಿದೆ?