ಎರವು ಕೊಡಲಾಗದ ಆಟ

"ಮಧ್ಯಾಹ್ನ ನೀವು ಯಾವ ಸೀರಿಯಲ್ ನೋಡ್ತೀರಿ?" ಎಂದು ಕೇಳಿದವರಿಗೆಲ್ಲ ನಾನು ಬಹಳ ದಿನ ಸುಳ್ಳು ಹೇಳಿದ್ದೇನೆ. ಇವರು ಊಟ ಮುಗಿಸಿ ಅಂಗಡಿಗೆ ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿ ಟೀವಿ ಮುಂದೆ ಕೂರುವುದೇನೋ ನಿಜ. ಆದರೆ ನೋಡುವುದು ಸೀರಿಯಲ್ ಅಲ್ಲ, ಆಡುವುದು ವಿಡಿಯೋ ಗೇಮ್. ಐವತ್ತು ದಾಟಿದ ಹೆಂಗಸು ಮೊಣಕಾಲಿಗೆ ನೋವಿನೆಣ್ಣೆ ಹಚ್ಚಿಕೊಂಡು, ಪರದೆಯ ಮೇಲೆ ಬಂಡೆಯಿಂದ ಬಂಡೆಗೆ ಹಾರುತ್ತಾಳೆಂದರೆ ನಗು ಬರುವುದು ಸಹಜ. ನಗಲಿ ಬಿಡಿ.

ಈ ಹುಚ್ಚು ಹಿಡಿದದ್ದು ತವರಿನಲ್ಲಿ. ತಮ್ಮನಿಗೆ ಅಪ್ಪ ಟೀವಿ ಗೇಮ್ ತಂದುಕೊಟ್ಟಿದ್ದರು. ಕ್ಯಾಸೆಟ್ ಓಡದಿದ್ದರೆ ಬಾಯಿಂದ ಉಫ್ ಎಂದು ಊದಿ ಮತ್ತೆ ಸಿಕ್ಕಿಸುತ್ತಿದ್ದೆವಲ್ಲ, ಅದೇ. ಅಂಥ ಪೆಟ್ಟಿಗೆಗಳೆಲ್ಲ ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ತಂದ ಯಂತ್ರದ ನಕಲು ಎಂಬುದು ಆಗ ಯಾರಿಗೆ ಗೊತ್ತಿತ್ತು! ಆ ಕಂಪನಿ 1889ರಲ್ಲಿ ಕ್ಯೋಟೋದಲ್ಲಿ ಇಸ್ಪೀಟಿನಂಥ ಎಲೆ ಮಾಡಿ ಮಾರುತ್ತಾ ಶುರುವಾದದ್ದಂತೆ. ನಮ್ಮಲ್ಲಿ ಇಸ್ಪೀಟು ಜಗುಲಿಯ ಗಂಡಸರ ಪಾಲು, ಟೀವಿ ಗೇಮ್ ತಮ್ಮನ ಪಾಲು. ನನ್ನ ಸರದಿ ಬರುವಷ್ಟರಲ್ಲಿ ಒಳಗಿನಿಂದ ಅಮ್ಮನ ಕೂಗು ಬರುತ್ತಿತ್ತು. ಆ ಬಾಕಿ ಉಳಿದ ಸರದಿಯನ್ನು ಮೂವತ್ತು ವರ್ಷದ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ. ಮಗ ಕೆಲಸಕ್ಕೆಂದು ಪುಣೆಗೆ ಹೋಗುವಾಗ ತನ್ನ ಪ್ಲೇಸ್ಟೇಷನ್ ಬಿಟ್ಟುಹೋದ. ಧೂಳು ಒರೆಸಲು ಹೋದವಳು ಅಲ್ಲೇ ಕೂತೆ.

ನನಗೊಬ್ಬಳು ಗುರುವೂ ಇದ್ದಾಳೆ, ಎದುರುಮನೆಯ ಟೈಲರ್ ಮಗಳು. ಪಿಯುಸಿ ಎರಡನೇ ವರ್ಷ. ಯಾರೋ ಆಡಿ ಬಿಟ್ಟ ಹಳೆಯ ಯಂತ್ರವೊಂದು ಅವಳಲ್ಲಿದೆ. ಆಟ ಕೊಳ್ಳಲು ದುಡ್ಡಿಲ್ಲ. ನನ್ನ ಡಿಸ್ಕುಗಳೆಲ್ಲ ಅವಳ ಮನೆಗೆ ಹೋಗಿ ಬರುತ್ತವೆ, ಹಿಂದೆ ವಾರಪತ್ರಿಕೆಗಳು ಬೀದಿಯ ಮನೆಮನೆ ಸುತ್ತಿ ಬರುತ್ತಿದ್ದ ಹಾಗೆ.

ಹೋದ ಸಲ ದೀಪಾವಳಿಗೆ ಬಂದ ಮಗ, "ಅಮ್ಮಾ, ಹೊಸ ಪ್ಲೇಸ್ಟೇಷನ್ 5 ಕೊಡಿಸ್ತೀನಿ, ಡಿಸ್ಕ್ ಇಲ್ಲದ್ದು ಸಾಕು. ಆಟ ನೆಟ್‌ನಿಂದ ಇಳಿಸಿಕೊಂಡರಾಯಿತು" ಎಂದ. 2021ರ ಫೆಬ್ರವರಿಯಲ್ಲಿ ಅದು ನಮ್ಮ ದೇಶಕ್ಕೆ ಬಂದಾಗ ಡಿಸ್ಕಿನದಕ್ಕೆ 49,990 ರೂಪಾಯಿ, ಇಲ್ಲದ್ದಕ್ಕೆ 39,990. ಆಮೇಲೆ ಬೆಲೆ ಏರಿದರೂ ಡಿಸ್ಕಿನದ್ದೇ ದುಬಾರಿ. ಹುಡುಗ ಹೇಳಿದ್ದು ಲೆಕ್ಕಕ್ಕೆ ಸರಿಯೇ. ಆದರೆ ನಾವು ಸ್ಟೀಲ್ ಪಾತ್ರೆಯ ಮೇಲೆ ಹೆಸರು ಕೆತ್ತಿಸುವ ಜನ. ಪಾತ್ರೆ ಎರವಿಗೆ ಹೋಗುತ್ತದೆ, ತಿರುಗಿ ಬರುತ್ತದೆ ಎಂದಲ್ಲವೇ ಹೆಸರು ಹಾಕಿಸುವುದು? ಇಳಿಸಿಕೊಂಡ ಆಟವನ್ನು ಎದುರುಮನೆ ಹುಡುಗಿಗೆ ಹೇಗೆ ಕೊಡಲಿ? ಸೋನಿಯವರದೇ ದೊಡ್ಡ ಆಟ ಹೊಸದರಲ್ಲಿ 4,999 ರೂಪಾಯಿ. ಅವಳಪ್ಪ ಎಷ್ಟು ರವಿಕೆ ಹೊಲಿದರೆ ಅಷ್ಟಾದೀತು?

ಕಂಪನಿಗಳ ಮನಸ್ಸು ಮಾತ್ರ ಮಗನ ಕಡೆಗೇ ಇದೆ. 2024ರಲ್ಲಿ ಬಂದ ಪ್ಲೇಸ್ಟೇಷನ್ 5 ಪ್ರೋಗೆ ಡಿಸ್ಕ್ ಹಾಕುವ ಬಾಯೇ ಇಲ್ಲ, ಬೇಕಾದವರು ಬೇರೆ ಕೊಂಡು ಜೋಡಿಸಿಕೊಳ್ಳಬೇಕು. 2025ರ ಜೂನ್ 5ರಂದು ನಿಂಟೆಂಡೋ ಸ್ವಿಚ್ 2 ಬಂತು. ಅದರ ಕೆಲವು ಆಟಗಳ ಪುಟ್ಟ ಬಿಲ್ಲೆಯೊಳಗೆ ಆಟವೇ ಇರುವುದಿಲ್ಲ. ಅದು ಬರೀ ಬೀಗದಕೈ, ಆಟವನ್ನು ನೆಟ್‌ನಿಂದ ಇಳಿಸಿಕೊಳ್ಳಬೇಕು. ಡಬ್ಬಿ ಕೊಂಡು ತಂದು ಮುಚ್ಚಳ ತೆರೆದರೆ "ಉಪ್ಪಿನಕಾಯಿ ಅಂಗಡಿಯಲ್ಲಿದೆ" ಎಂಬ ಚೀಟಿ ಇದ್ದಂತೆ! ಆ ಬೀಗದಕೈಯನ್ನು ಇನ್ನೊಬ್ಬರಿಗೆ ಕೊಡಬಹುದು ಎನ್ನುವುದೊಂದೇ ಸಮಾಧಾನ. ಅದೇ ಯಂತ್ರದ ಮಾರಿಯೋ ಕಾರಿನಾಟಕ್ಕೆ ಅಮೆರಿಕದಲ್ಲಿ ಎಂಬತ್ತು ಡಾಲರ್ ಇಟ್ಟರು.

ಹಾಗೆಂದು ಡಿಸ್ಕ್ ಇದ್ದರೆ ಎಲ್ಲ ಕ್ಷೇಮ ಎನ್ನಲೂ ಆಗದು. 2014ರಲ್ಲಿ ಬಂದ 'ದಿ ಕ್ರೂ' ಎಂಬ ಕಾರಿನಾಟ ನೆಟ್ ಇಲ್ಲದೆ ನಡೆಯುತ್ತಿರಲಿಲ್ಲ. 2024ರ ಮಾರ್ಚ್ 31ಕ್ಕೆ ಕಂಪನಿಯವರು ತಮ್ಮ ಕಡೆಯ ಸರ್ವರ್ ನಿಲ್ಲಿಸಿದರು, ಡಿಸ್ಕ್ ಕೊಂಡವರ ಕೈಯಲ್ಲೂ ಬರೀ ತಟ್ಟೆ ಉಳಿಯಿತು. ಕೊಂಡವರ ಆಟ ಕೊಲ್ಲಬೇಡಿ ಎಂಬ ಯೂರೋಪಿನ ಮನವಿಗೆ 2025ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಕೊಟ್ಟ ದುಡ್ಡು ಬೆಲೆಯೋ ಬಾಡಿಗೆಯೋ ಎಂದು ಮೊದಲೇ ಹೇಳಿ ಎಂಬುದು ನನ್ನದೂ ಬೇಡಿಕೆ.

ಇನ್ನು ಊರಿನ ಹುಡುಗರೆಲ್ಲ ಜಪಿಸುತ್ತಿರುವ 'ಗ್ರ್ಯಾಂಡ್ ಥೆಫ್ಟ್ ಆಟೋ 6'. ಹಿಂದಿನದು ಬಂದದ್ದು 2013ರಲ್ಲಿ. ಇದನ್ನು 2025ಕ್ಕೆ ಎಂದರು, ಆಮೇಲೆ 2026ರ ಮೇ 26 ಎಂದರು, ಅದನ್ನೂ ಮುಂದೂಡಿ ನವೆಂಬರ್ 19 ಎಂದು ಸಾರಿದರು. ತಡವಾದದ್ದಕ್ಕೆ ನನಗೆ ಸಿಟ್ಟಿಲ್ಲ. ಪಾಕ ಬರುವ ಮೊದಲೇ ಉಂಡೆ ಕಟ್ಟಿದರೆ ಏನಾಗುತ್ತದೆಂದು ನಮಗೆ ಗೊತ್ತು. ಕಳ್ಳತನ, ಗುಂಡಿನ ಮಳೆ ನನ್ನ ರುಚಿಯದಲ್ಲ. ಆದರೂ ಇದರ ಇಬ್ಬರು ಮುಖ್ಯ ಪಾತ್ರಗಳಲ್ಲಿ ಒಬ್ಬಳು ಹೆಣ್ಣು, ಲೂಸಿಯಾ. ಅವಳಿಗೂ ಒಂದು ಮನಸ್ಸು ಕೊಟ್ಟಿದ್ದಾರೋ, ಬರೀ ಮೈ ಕೊಟ್ಟು ಕೈತೊಳೆದುಕೊಂಡಿದ್ದಾರೋ ಎಂದು ನೋಡುವ ಕುತೂಹಲ ನನಗಿದೆ.

ನನ್ನ ಹೊಟ್ಟೆ ತುಂಬಿಸಿದ್ದು 'ವೆಂಬಾ' ಎಂಬ ಪುಟ್ಟ ಆಟ. 2023ರಲ್ಲಿ ಬಂದದ್ದು, ಟೊರಾಂಟೋದ ಸಣ್ಣ ತಂಡ ಮಾಡಿದ್ದು. ಎಂಬತ್ತರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಹೆಂಗಸೊಬ್ಬಳು ತಾಯಿಯ ಹರಿದ ಅಡಿಗೆ ಪುಸ್ತಕ ನೋಡಿಕೊಂಡು ಅಡಿಗೆ ಮಾಡುತ್ತಾಳೆ. ಮೊದಲು ಇಡ್ಲಿ. ಮಗ ಬೆಳೆಯುತ್ತಾ ದೂರವಾಗುತ್ತಾನೆ. ಆಡುತ್ತಾ ಆಡುತ್ತಾ ಕಣ್ಣು ತುಂಬಿತು. ಆವತ್ತು ಸಂಜೆ ಪುಣೆಗೆ ಫೋನ್ ಮಾಡಿ ಸುಮ್ಮನೆ "ಊಟ ಆಯ್ತಾ?" ಎಂದೆ. ಅದನ್ನು ನೆಟ್‌ನಿಂದ ಇಳಿಸಿಕೊಂಡೇ ಆಡಿದ್ದು. ನಾಲ್ಕಾರು ಜನರ ತಂಡ ಡಿಸ್ಕ್ ಮಾಡಿಸಿ ದೇಶದೇಶಕ್ಕೆ ಕಳಿಸುವುದು ಎಲ್ಲಿಂದ? ಆ ಉಪಕಾರವನ್ನು ಮರೆಯಬಾರದು. ಎದುರುಮನೆ ಹುಡುಗಿ ನಮ್ಮ ಮನೆಗೇ ಬಂದು ಆಡಿದಳು. "ಆಂಟಿ, ಇಂಥದ್ದು ನಾನೂ ಮಾಡಬೇಕು" ಎಂದಳು.

ಎರಡು ದಿನ ಕಳೆದು ಅವಳಪ್ಪ ಬಂದರು. ಹೆಗಲ ಮೇಲೆ ಅಳತೆ ಟೇಪು ಹಾಗೇ ಇತ್ತು. "ಅಕ್ಕಾ, ಮಗಳು ಆಟ ಮಾಡೋದು ಕಲೀತೀನಿ ಅಂತಾಳೆ. ಸಾಲ ಮಾಡಿ ಓದಿಸಬೇಕು. ಓದಿಸ್ಲಾ? ನೀವೇ ಹೇಳಿ."

ನನ್ನ ನಾಲಿಗೆ ಒಣಗಿತು. ಮಧ್ಯಾಹ್ನದ ಚಟವೊಂದು ಇನ್ನೊಬ್ಬರ ಮಗಳ ಬಾಳಿನ ಪ್ರಶ್ನೆಯಾಗಿ ಜಗುಲಿಯಲ್ಲಿ ಕೂತಿತ್ತು.

ತಿಳಿದದ್ದನ್ನು ಮುಚ್ಚಿಡದೆ ಹೇಳಿದೆ. ಮೈಕ್ರೋಸಾಫ್ಟ್ 2023ರಲ್ಲಿ ಸುಮಾರು 69 ಬಿಲಿಯನ್ ಡಾಲರ್ ಸುರಿದು ಇನ್ನೊಂದು ಆಟದ ಕಂಪನಿ ಕೊಂಡಿತು. ಮರು ಜನವರಿಯಲ್ಲೇ ತನ್ನ ಗೇಮ್ ವಿಭಾಗದಿಂದ 1,900 ಜನರನ್ನು ಮನೆಗೆ ಕಳಿಸಿತು. ಫೆಬ್ರವರಿಯಲ್ಲಿ ಸೋನಿಯವರು ಪ್ಲೇಸ್ಟೇಷನ್ ವಿಭಾಗದ 900 ಕೆಲಸ ತೆಗೆಯುತ್ತೇವೆಂದರು. 'ಕಾಂಕರ್ಡ್' ಎಂಬ ಅವರ ಆಟ 2024ರ ಆಗಸ್ಟ್ 23ಕ್ಕೆ ಬಂತು, ಯಾರೂ ಆಡಲಿಲ್ಲ. ಎರಡೇ ವಾರಕ್ಕೆ ದುಡ್ಡು ಹಿಂದೆ ಕೊಟ್ಟು ಮುಚ್ಚಿದರು. ಅಕ್ಟೋಬರಿನಲ್ಲಿ ಅದನ್ನು ಮಾಡಿದ ಸ್ಟುಡಿಯೋವನ್ನೂ ಮುಚ್ಚುವುದಾಗಿ ಹೇಳಿದರು.

ಇನ್ನೊಂದು ಮಗ್ಗುಲನ್ನೂ ಹೇಳಿದೆ. ಬೆಂಗಳೂರಿನಲ್ಲೇ 1997ರಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಆಟದ ಕಂಪನಿ ಶುರುವಾಗಿತ್ತು. ಗ್ರ್ಯಾಂಡ್ ಥೆಫ್ಟ್ ಆಟೋ ಮಾಡುವ ರಾಕ್‌ಸ್ಟಾರ್‌ನವರು 2019ರಲ್ಲಿ ಅದನ್ನು ಕೊಂಡು ತಮ್ಮ ಬೆಂಗಳೂರು ಸ್ಟುಡಿಯೋಗೆ ಸೇರಿಸಿಕೊಂಡರು. ನಮ್ಮ ಮಕ್ಕಳಿಗೂ ಅಲ್ಲಿ ಕೆಲಸವಿದೆ. ಕೆನಡಾದ ಒಬ್ಬನೇ ಹುಡುಗ ಮಾಡಿದ 'ಬಲಾಟ್ರೋ' ಎಂಬ ಇಸ್ಪೀಟಿನಾಟ 2024ರಲ್ಲಿ ಲಕ್ಷಗಟ್ಟಲೆ ಮಾರಿತು. ಫ್ರಾನ್ಸಿನ ಸುಮಾರು ಮೂವತ್ತು ಜನರ ತಂಡದ 'ಕ್ಲೇರ್ ಅಬ್ಸ್‌ಕ್ಯೂರ್' 2025ರಲ್ಲಿ ವರ್ಷದ ಆಟವೆಂಬ ಬಹುಮಾನ ಗೆದ್ದಿತು.

"ಹಾಗಾದ್ರೆ?" ಎಂದರು ಅವರು.

"ಇದೊಂದಕ್ಕೇ ಎಂದು ಸಾಲ ಮಾಡಬೇಡಿ. ಸರ್ಕಾರಿ ಕಾಲೇಜಿನಲ್ಲಿ ಕಂಪ್ಯೂಟರ್ ಓದಲಿ, ಎಲ್ಲಿಯಾದರೂ ಅನ್ನ ಸಿಗುತ್ತದೆ. ಆಟ ಮಾಡುವುದನ್ನು ಮಾತ್ರ ಬಿಡಿಸಬೇಡಿ" ಎಂದೆ. ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಆವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹುಡುಗಿ ಒಂದು ವಾರ ನನ್ನೊಡನೆ ಮಾತು ಬಿಟ್ಟಳು. ಆಮೇಲೆ ಒಂದು ಭಾನುವಾರ ಪೆನ್ ಡ್ರೈವ್ ಹಿಡಿದು ಬಂದಳು, ಹಿಂದೆ ಅವಳಪ್ಪ. ಮಗನ ಹಳೆಯ ಕಂಪ್ಯೂಟರಿಗೆ ಹಾಕಿದಳು. ಪುಟ್ಟ ಆಟ. ಒಂದು ರವಿಕೆ ಕಣ, ಒಂದು ಕತ್ತರಿ. ಬಟ್ಟೆ ಹಾಳಾಗದಂತೆ ರವಿಕೆ ಕತ್ತರಿಸಬೇಕು. ನಾನು ಬೆನ್ನು ಕತ್ತರಿಸಿ, ಎದೆ ಕತ್ತರಿಸಿ ಬೀಗುವಷ್ಟರಲ್ಲಿ ಹಿಂದಿನಿಂದ ಟೈಲರ್ ನಕ್ಕರು: "ಅಕ್ಕಾ, ತೋಳಿಗೆ ಬಟ್ಟೆ ಎಲ್ಲಿ ಉಳಿಸಿದ್ರಿ?"

ಮೂರು ಸಲ ಸೋತೆ. ಹುಡುಗಿ ಮುಖದಲ್ಲಿ ಸಂತೋಷವೋ ಸಂತೋಷ. "ಇಟ್ಟುಕೊಳ್ಳಿ ಆಂಟಿ, ನಿಧಾನವಾಗಿ ಆಡಿ ವಾಪಸ್ ಕೊಡಿ" ಎಂದು ಪೆನ್ ಡ್ರೈವ್ ಬಿಟ್ಟು ಹೋದಳು.

ಮಗನಿಗೆ ಡಿಸ್ಕಿನ ಯಂತ್ರವನ್ನೇ ತರಲು ಹೇಳಿದೆ. ಹೆಚ್ಚಿನ ದುಡ್ಡು ನನ್ನ ಚೀಟಿಯಿಂದ ಕೊಟ್ಟೆ. ಪೆನ್ ಡ್ರೈವ್ ಕಳೆದುಹೋಗದಿರಲೆಂದು ಒಂದು ಸ್ಟೀಲ್ ಡಬ್ಬಿಯಲ್ಲಿಟ್ಟು, ಮುಚ್ಚಳದ ಮೇಲೆ ಅವಳ ಹೆಸರು ಬರೆದು ಅಂಟಿಸಿದ್ದೇನೆ.