ಎಲ್ಲಾರ ನಂಬರೂ ಒಂದಽ

ನಮ್ಮ ಓಣಿ ಹೆಣಮಕ್ಕಳ ಹಪ್ಪಳ-ಶಂಡಿಗಿ ಗುಂಪು ನಿಮಗೆಲ್ಲಾ ಗೊತ್ತಽ ಅದ. ಈ ಸಲ ದೀಪಾವಳಿ ಫರಾಳದ ಆರ್ಡರ್ ವಹಿಯೊಳಗ ಬ್ಯಾಡ, ಆನ್‌ಲೈನ್ ಫಾರ್ಮ್ ಇರಲಿ ಅಂತ ಒಬ್ಬ ಹುಡುಗನ ಕಡೆ ಮಾಡಿಸಿದ್ರು. ಹೆಸರು, ಫೋನ್ ನಂಬರ್, ಚಕ್ಕಲಿ ಎಷ್ಟು, ಶೇಂಗಾ ಹೋಳಿಗಿ ಎಷ್ಟು, ಇಷ್ಟಽ. ನಾಲ್ಕು ದಿನದಾಗ 41 ಆರ್ಡರ್ ಬಂದ್ವು.

ಯಾವಾಗ ಒಯ್ತೀರಿ ಅಂತ ಕೇಳಾಕ ಪಟ್ಟಿ ತಗದ್ರ, 40 ಮಂದಿದು ಒಂದಽ ನಂಬರ್: 2147483647. ಕಾಕು ಅಂತೂ ಅದಕ್ಕಽ ಫೋನ್ ಹಚ್ಚಿ ನೋಡಿದ್ರು! ಹಿಟ್ಟು ಬೀಸಿಸಿ ಆಗಿತ್ತು, ಎಣ್ಣಿ-ಬೆಲ್ಲಾ ಉದ್ರಿ ತಂದಿದ್ರು, ಇಬ್ಬರ ಮನಿ ಹುಡುಗೂರ ಸಾಲಿ ಫೀ ಈ ರೊಕ್ಕದ ಮ್ಯಾಲೆ ನಿಂತಿತ್ತು. ಆ ಹುಡುಗ ನೋಡಿದ್ರ, "ತುಂಬಿದವರಽ ತಪ್ಪು ಬರದಾರ" ಅಂದ. 40 ಮಂದಿ ಕೂಡಿ ಒಂದಽ ತಪ್ಪು ಬರೀತಾರೇನ್ರಿ?

ನಾ ಲಗ್ನಕ್ಕ ಮೊದಲ ಇದಽ ಕೆಲಸಾ ಮಾಡಿದಾಕಿ. ರಾತ್ರಿ ಕೂತೆ. ಸಾರು ಕೆಟ್ರ ಎಲ್ಲೆ ಕೆಟ್ಟದ ಅಂತ ಹಂತ ಹಂತಕ್ಕ ರುಚಿ ನೋಡ್ತೀವಲ್ಲ, ಹಂಗಽ. ಫಾರ್ಮಿಂದ ಬಂದ ಕೂಡ್ಲೆ ವೇರಿಯಬಲ್‌ನಾಗ ಏನದ ಅಂತ ಪರದೆ ಮ್ಯಾಲೆ ತೋರಿಸಿಕೊಂಡೆ, ಸರಿ ಇತ್ತು. ಡೇಟಾಬೇಸಿಗೆ ಕಳಸೋ ಸಾಲಿನ ಮುಂಚೆನೂ ಸರಿ. ವಾಪಸ್ ಓದಿದ್ರ ಕೆಟ್ಟಿತ್ತು.

ಸುಳಿವು ಕೊಟ್ಟಿದ್ದು ಆ 41ನೇ ನಂಬರ್. ಅಜ್ಜಿ ಒಬ್ಬಾಕಿ ಎಸ್‌ಟಿಡಿ ಕೋಡ್ ಬಿಟ್ಟು ಮನೀ ಲ್ಯಾಂಡ್‌ಲೈನಿನ ಏಳಽ ಅಂಕಿ ಬರಸಿದ್ಲು. ಅದೊಂದು ನೆಟ್ಟಗ ಉಳದಿತ್ತು. ಅಂದ್ರ ಸಣ್ಣದು ಹಿಡಸ್ತದ, ದೊಡ್ಡದು ಹಿಡಸೂದಿಲ್ಲ! ನೋಡಿದ್ರ ಮೈಎಸ್‌ಕ್ಯೂಎಲ್ ಟೇಬಲ್‌ನಾಗ ಫೋನ್ ಕಾಲಮ್ಮು 'ಇಂಟ್'. ಅದು 32 ಬಿಟ್ಟಿನ ಡಬ್ಬಿ, 2147483647ಕ್ಕ ತುಂಬಿ ಹೋಗ್ತದ. ನಮ್ಮ ಮೊಬೈಲ್ ನಂಬರೆಲ್ಲಾ 6, 7, 8, ಇಲ್ಲಾ 9ರಿಂದ ಶುರು ಆಗೋ ಹತ್ತಂಕಿ. ಒಂದೂ ಅದರಾಗ ಕೂಡೂದಿಲ್ಲ. 5.7ನೇ ಆವೃತ್ತಿಯಿಂದ ಮೈಎಸ್‌ಕ್ಯೂಎಲ್ ಹಿಂಥಾದ್ದು ಬಂದ್ರ 'ಒಲ್ಲೆ' ಅಂತದ. ಇಲ್ಲೆ ಆ ಸ್ಟ್ರಿಕ್ಟ್ ಮೋಡ್ ಬಂದ್ ಮಾಡಿಟ್ಟಿದ್ರು. ಸುಮ್ಮನ ಕತ್ತರಿಸಿ ತುಂಬಕೊಂಡಿತ್ತು. ಒಲ್ಲೆ ಅನ್ನೋದಽ ಎಷ್ಟೋ ಪಾಡ ಅನಸ್ತದ ನನಗ.

ಕಾಲಮ್ಮು 'ವಾರ್‌ಚಾರ್' ಮಾಡಿದೆ. ಫೋನ್ ನಂಬರ್ ಕೂಡಿಸಿ ಕಳಿಯೋ ಲೆಕ್ಕ ಅಲ್ಲ, ಅದು ಹೆಸರಿದ್ದಂಗ. ಮುಂದಿನ ಸೊನ್ನಿನೂ ಉಳೀಬೇಕು. ಆದ್ರ ಹೋದ ನಂಬರ್ ಹೋದ್ವು, ಅವು ಎಲ್ಲೂ ಉಳದಿಲ್ಲ. ವೈನಿ, ಕಾಕು ಎಲ್ಲಾರೂ ಹೆಸರು ಹಿಡಕೊಂಡು ಮೂರು ದಿನ ಮನಿ ಮನಿ ತಿರುಗಿದ್ರು. ಇನ್ನೂ ಮೂರು ಮಂದಿ ಸಿಕ್ಕಿಲ್ಲ. ಎರಡು ಕಿಲೋ ಚಕ್ಕಲಿ, 50 ಹೋಳಿಗಿ ಹೇಳಿದವರು ನೀವಽ ಇದ್ರ, ಅಥವಾ ನಿಮ್ಮ ಬಾಜೂಕಿನವರು ಇದ್ರ, ಲಗೂ ಇನ್ನೊಮ್ಮೆ ನಂಬರ್ ತುಂಬ್ರಿ. ಶನಿವಾರ ಎಣ್ಣಿ ಇಡತಾರ.